ಎರಡನೇ ರನ್‌ವೇ ಬೇಡವೆಂದ ಅತ್ತೆ

ನನ್ನ ಸೋದರತ್ತೆ ವಿಮಾನ ನಿಲ್ದಾಣದ ಯೋಜನಾ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವಳು. ತಾನು ವಿಮಾನ ಹತ್ತಿದ್ದು ಎರಡೇ ಸಲ. ಎರಡು ಸಲವೂ ಕಿವಿಗೆ ಹತ್ತಿ ತುರುಕಿ, ಕಣ್ಣು ಮುಚ್ಚಿ ಕೂತಿದ್ದಳಂತೆ. ಆದರೆ ಯಾವ ವಿಮಾನ ಎಲ್ಲಿಂದ ಬರುತ್ತದೆ, ಎಷ್ಟು ನಿಮಿಷ ತಡ, ಯಾಕೆ ತಡ, ಎಲ್ಲ ಅವಳಿಗೆ ಬಾಯಿಪಾಠ. ಆಫೀಸಿನವರು ಅವಳನ್ನು ‘ನಿಮಿಷದಕ್ಕ’ ಅನ್ನುತ್ತಿದ್ದರು.

ಮಾವನದು ನಿಲ್ದಾಣದ ಬೇಲಿಗೆ ಅಂಟಿದ ಬೀದಿಯಲ್ಲಿ ಒಂದು ಕುರ್ಚಿಯ ಕ್ಷೌರದಂಗಡಿ. ತಲೆಯ ಮೇಲೆ ವಿಮಾನ ಇಳಿಯುವಾಗ ಕತ್ತಿಯನ್ನು ಗಿರಾಕಿಯ ಗಲ್ಲದಿಂದ ದೂರ ಹಿಡಿದು, ಸದ್ದಡಗಿದ ಮೇಲೆ ಮುಂದುವರಿಸುತ್ತಿದ್ದ.

ಒಂದು ವರ್ಷ ಸಂಜೆಯ ವಿಮಾನಗಳೆಲ್ಲ ಮುಕ್ಕಾಲು ಗಂಟೆ ತಡವಾಗತೊಡಗಿದವು. ಎರಡನೇ ರನ್‌ವೇ ಕಟ್ಟಬೇಕೆಂದು ನಿರ್ದೇಶಕರು ಹೊರಟರು. ಕಟ್ಟಿದರೆ ಮಾವನ ಬೀದಿಯೇ ಇರುವುದಿಲ್ಲ. ಅದು ನಿಜಕ್ಕೂ ಬೇಕೇ ಎಂದು ವರದಿ ಬರೆಯುವ ಕೆಲಸ ಅತ್ತೆಯ ತಲೆಗೆ ಬಿತ್ತು.

“ನನ್ನ ಗಂಡನ ಅಂಗಡಿ ಅಲ್ಲೇ ಇದೆ ಸಾರ್. ಬೇರೆಯವರಿಗೆ ಕೊಡಿ.”

“ಬೇರೆ ಯಾರಿದ್ದಾರಮ್ಮ ನನಗೆ?” ಎಂದರು ನಿರ್ದೇಶಕರು.

ಅತ್ತೆ ಕಂಪ್ಯೂಟರಿನಲ್ಲಿ ಒಂದು ಮಾದರಿ ಕಟ್ಟಿದಳು. ಒಂದೊಂದು ನಿಲ್ದಾಣಕ್ಕೂ ಒಂದು ಚುಕ್ಕೆ, ಒಂದೊಂದು ವಿಮಾನದ ದಿನದ ಸುತ್ತಾಟಕ್ಕೂ ಒಂದು ಗೆರೆ. ಅದರೊಳಗೆ ಎರಡನೇ ರನ್‌ವೇ ಹಾಕಿ ನೋಡಿದರೆ ತಡ ಕಡಿಮೆಯಾದದ್ದು ಬರೀ ಆರು ನಿಮಿಷ. ತನ್ನ ಲೆಕ್ಕವನ್ನೇ ನಂಬಲಾಗದೆ, ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದು ಕೂತಳು.

“ರೀ, ಸಂಜೆ ಜನ ಕಾಯ್ತಾರಲ್ಲ, ಇನ್ನೊಂದು ಕುರ್ಚಿ ಹಾಕಿದ್ರೆ?”

“ಕುರ್ಚಿ ಬಂದ್ರೆ ಜೊತೆಗೆ ಕೈ ಬರುತ್ತೇನೇ?” ಮಾವ ನಕ್ಕ. “ಬೆಳಿಗ್ಗೆ ಮೊದಲನೆಯವನು ಲೇಟಾದ್ರೆ ಸಂಜೆ ಕೊನೆಯವನು ನನ್ನ ಬೈತಾನೆ. ಎಲ್ರಿಗೂ ಬೆಳಿಗ್ಗೆ ಎಂಟು ಗಂಟೆಗೇ ಬೇಕು. ಈಗ ನೋಡು, ನೊಣ ಹೊಡೀತಾ ಕೂತಿದ್ದೀನಿ. ಅದಕ್ಕೇ ಈ ಹೊತ್ತಲ್ಲಿ ಬಂದೋರಿಗೆ ಕಮ್ಮಿ ರೇಟು.”

ಅತ್ತೆ ಅರ್ಧ ಊಟಕ್ಕೇ ಡಬ್ಬಿ ಮುಚ್ಚಿ ಆಫೀಸಿಗೆ ಓಡಿದಳು. ಅವಳ ಮಾದರಿ ಹೇಳುತ್ತಿದ್ದದ್ದೂ ಅದನ್ನೇ. ಬೆಳಗಿನ ಮೊದಲ ವಿಮಾನ ಇಪ್ಪತ್ತು ನಿಮಿಷ ತಡವಾದರೆ, ಆ ತಡ ಊರೂರು ಸುತ್ತಿ ಬೆಳೆದು ಸಂಜೆಗೆ ಮರಳಿ ಬರುತ್ತಿತ್ತು. ವರದಿಯಲ್ಲಿ ಅವಳು ಬರೆದದ್ದು ಇಷ್ಟು: ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ ಇಳಿಯುವ ವಿಮಾನಗಳಿಗೆ ಶುಲ್ಕ ಹೆಚ್ಚಿಸಿ, ಮಧ್ಯಾಹ್ನದವಕ್ಕೆ ಕಡಿಮೆ ಮಾಡಿ. ಬೆಳಗಿನ ವಿಮಾನಗಳ ನಡುವೆ ಉಸಿರಾಡಲು ಹದಿನೈದು ನಿಮಿಷ ಬಿಡಿ. ರನ್‌ವೇ ಸದ್ಯಕ್ಕೆ ಬೇಡ.

ಸಭೆಯಲ್ಲಿ ವಿಮಾನ ಕಂಪನಿಯೊಂದರ ಅಧಿಕಾರಿ ಎದ್ದು ನಿಂತ. “ಮೇಡಂ ಯಜಮಾನರ ಅಂಗಡಿ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು.”

ಅತ್ತೆಯ ಮುಖ ಕೆಂಪಾಯಿತು. “ಗೊತ್ತಿರಲಿ ಅಂತಾನೇ ಮೊದಲನೇ ಪುಟದಲ್ಲಿ ಬರೆದಿದ್ದೀನಿ. ಲೆಕ್ಕ ಎರಡನೇ ಪುಟದಿಂದ ಇದೆ. ಬೈಯೋದಾದ್ರೆ ಅದನ್ನ ಬೈರಿ, ನನ್ನ ಗಂಡನ್ನ ಬಿಡಿ.”

ಅಲ್ಲಿ ಹಾಗಂದವಳು ಮನೆಗೆ ಬಂದು ಪಾತ್ರೆ ತೊಳೆಯುತ್ತಾ ಅತ್ತಳು. ನಿರ್ದೇಶಕರು ಆರು ತಿಂಗಳು ಪ್ರಯೋಗ ಮಾಡಿ ನೋಡಲು ಒಪ್ಪಿದರು. ಸಂಜೆಯ ತಡ ಹದಿನೇಳು ನಿಮಿಷಕ್ಕೆ ಇಳಿಯಿತು. ಆ ಅಧಿಕಾರಿ ಮಾತ್ರ ತಪ್ಪಾಯಿತು ಅನ್ನಲಿಲ್ಲ.

ಒಂಬತ್ತು ವರ್ಷ ಕಳೆಯಿತು. ದಿನಕ್ಕೆ ನೂರೆಂಬತ್ತಿದ್ದ ವಿಮಾನಗಳು ಮುನ್ನೂರು ದಾಟಿದವು. ಮಧ್ಯಾಹ್ನವೂ ತುಂಬಿ, ಬಿಡುವೆಂಬುದೇ ಉಳಿಯಲಿಲ್ಲ. ಅತ್ತೆ ಯಾರೂ ಕೇಳದೆಯೇ ಮತ್ತೆ ಲೆಕ್ಕ ಹಾಕಿದಳು. ಮೇಲಿನವರಿಗೆ ಕೊಡುವ ಮೊದಲು ಗಂಡನಿಗೆ ಹೇಳಿದಳು.

“ಈಗ ರನ್‌ವೇ ಬೇಕೇ ಬೇಕು ರೀ.”

ಮಾವ ಕತ್ತಿ ಒರೆಸಿ ಪಕ್ಕಕ್ಕಿಟ್ಟ. “ಲೆಕ್ಕ ಸರಿಯಾಗಿದೆಯಾ?”

“ನಾಲ್ಕು ಸಲ ನೋಡಿದೆ.”

“ಹಾಗಾದ್ರೆ ಬರಿ. ಅವತ್ತು ಮಾತಾಡಿದೋರ ಬಾಯಿ ಮುಚ್ಚುತ್ತೆ.”

“ಅವರ ಬಾಯಿ ಕಟ್ಕೊಂಡು ನನಗೇನು? ನನಗೆ ನಿಮ್ಮ ಅಂಗಡಿ ಉಳೀಬೇಕಿತ್ತು.”

“ಅಂಗಡಿ ಅಂದ್ರೆ ಏನೇ? ಕನ್ನಡಿ, ಕುರ್ಚಿ, ನಾನು. ಮೂರನ್ನೂ ಎತ್ಕೊಂಡು ಹೋಗ್ಬಹುದು. ನಾನೇ ಸ್ವಲ್ಪ ಭಾರ.”

ಅತ್ತೆ ಬರೆದಳು. ಬೀದಿಯ ಪ್ರತಿ ಅಂಗಡಿಗೂ ಬೇರೆ ಜಾಗ ಸಿಗುವತನಕ ಒಂದು ಇಟ್ಟಿಗೆಯನ್ನೂ ಮುಟ್ಟಬಾರದೆಂದೂ ಸೇರಿಸಿದಳು. ಅದಕ್ಕಾಗಿ ಎರಡು ವರ್ಷ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದಳು. ಹೊಸ ಕಟ್ಟಡವೊಂದರಲ್ಲಿ ಮಾವನೂ ಸೇರಿ ಎಲ್ಲರಿಗೂ ಜಾಗ ಸಿಕ್ಕಿತು. ಚಪ್ಪಲಿ ಹೊಲಿಯುವ ಅಜ್ಜ ಮಾತ್ರ ಹೊಸ ಕಟ್ಟಡ ತನಗೆ ಒಗ್ಗದೆಂದು ಮಗಳ ಊರಿಗೆ ಹೊರಟುಹೋದ. ಆ ಮಾತು ಬಂದಾಗ ಅತ್ತೆ ಇವತ್ತಿಗೂ ಎದ್ದು ಒಳಗೆ ಹೋಗಿಬಿಡುತ್ತಾಳೆ.

ಅದೇ ಬೀದಿಯ ಚಹಾ ಅಂಗಡಿಯವಳು ಅಂಗಡಿ ಎಬ್ಬಿಸಿದ ಸಿಟ್ಟಿಗೆ ವರ್ಷವಿಡೀ ಅತ್ತೆಯ ಜೊತೆ ಮಾತು ಬಿಟ್ಟಿದ್ದಳು. ಆಮೇಲೊಂದು ದಿನ ಮಗಳ ಕೈ ಹಿಡಿದುಕೊಂಡು ಅತ್ತೆಯ ಮನೆ ಬಾಗಿಲಲ್ಲಿ ನಿಂತಳು.

“ಇವಳಿಗೆ ಗಣಿತ ತಲೆಗೇ ಹತ್ತಲ್ಲ ಅಕ್ಕ. ಸಿಟ್ಟೇನೋ ಇನ್ನೂ ಇದೆ ನನಗೆ, ಆದ್ರೂ ಕೇಳ್ತಿದ್ದೀನಿ.”

“ಸಿಟ್ಟು ಇರಲಿ, ಒಳಗೆ ಬಾ” ಎಂದು ಅತ್ತೆ ಹುಡುಗಿಗೆ ಪಕ್ಕದಲ್ಲಿ ಕುರ್ಚಿ ಎಳೆದಳು.