ಶಾಸ್ತ್ರಕ್ಕೆ ಒಂದಾಟ

೨೦೧೧ರಲ್ಲಿ ನಾನು ದೇವನಹಳ್ಳಿಯಲ್ಲಿ ಕೌನ್ಸೆಲರ್ ಆಗಿದ್ದೆ. ವಿಮಾನ ನಿಲ್ದಾಣ ಶುರುವಾಗಿ ಮೂರು ವರ್ಷವಾಗಿತ್ತು. ಜೂಜಿನ ಚಟ ಬಿಡಿಸುವುದು, ಆಗದಿದ್ದರೆ ಹೊಸಬರಿಗೆ ಅಂಟದಂತೆ ನೋಡಿಕೊಳ್ಳುವುದು ನಮ್ಮ ಪುಟ್ಟ ಸೇವಾಸಂಸ್ಥೆಯ ಕೆಲಸ. ಗೊಬ್ಬರದಂಗಡಿಯ ಮಹಡಿಯ ಮೇಲೆ ಎರಡು ಕೋಣೆ, ನಾನು, ಒಬ್ಬ ಸಹೋದ್ಯೋಗಿ, ಗಡಗಡ ಎನ್ನುವ ಒಂದು ಫ್ಯಾನು. ಮೆಟ್ಟಿಲು ಹತ್ತಿ ಬಂದವರಲ್ಲಿ ಎಷ್ಟೋ ಜನ ಯೂರಿಯಾ ಬಂದಿದೆಯಾ ಎಂದು ಕೇಳಿ ಇಳಿದು ಹೋಗುತ್ತಿದ್ದರು. ಕುಡಿತ ಬಿಡಿಸುವವರಿದ್ದಾರೆಂದು ಜನಕ್ಕೆ ಗೊತ್ತಿತ್ತು. ಇಸ್ಪೀಟು ಬಿಡಿಸುವುದಕ್ಕೂ ಸಂಬಳ ಕೊಟ್ಟು ಯಾರನ್ನೋ ಕೂರಿಸುತ್ತಾರೆ ಎಂದರೆ ಮುಖ ತಿರುಗಿಸಿ ನಗುತ್ತಿದ್ದರು.

ಮುನಿರಾಜುವನ್ನು ನಮ್ಮಲ್ಲಿಗೆ ಎಳೆದು ತಂದವರು ಅವನ ತಾಯಿ ಅಕ್ಕಯ್ಯಮ್ಮ. ಅವರದು ನಲ್ಲೂರಿನ ಕಡೆಯ ಹಳ್ಳಿ. ಮೂವತ್ತೈದರ ಆಸುಪಾಸಿನ ಮುನಿರಾಜು ವಿಮಾನ ನಿಲ್ದಾಣದೊಳಗೆ ಲಗೇಜಿನ ಟ್ರಾಲಿಗಳನ್ನು ಎಳೆಯುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಶಿಫ್ಟ್ ಮುಗಿದರೆ ಮನೆಗಲ್ಲ, ಹೆದ್ದಾರಿ ಪಕ್ಕದ ಕ್ಲಬ್ಬಿಗೆ. ಅಲ್ಲಿ ನಡೆಯುತ್ತಿದ್ದುದು ಅಂದರ್ ಬಾಹರ್. ಒಂದು ಇಸ್ಪೀಟೆಲೆ ತೆರೆದಿಟ್ಟು ಉಳಿದವನ್ನು ಒಂದು ಆ ಕಡೆ, ಒಂದು ಈ ಕಡೆ ಹಾಕುತ್ತ ಹೋಗುತ್ತಾರೆ. ತೆರೆದ ಎಲೆಯ ಜೋಡಿ ಯಾವ ಕಡೆ ಬೀಳುತ್ತದೆ ಎಂಬುದೇ ಪಂದ್ಯ. ಜಾಣತನಕ್ಕೆ ಅಲ್ಲಿ ಕೆಲಸವಿಲ್ಲ. ಒಂದಾಟ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ, ಮುಗಿದ ಕೂಡಲೇ ಇನ್ನೊಂದು.

ಅವನ ಹೆಂಡತಿ ಭಾಗ್ಯ ಅದಾಗಲೇ ಪುಟ್ಟ ಮಗಳನ್ನು ಕರೆದುಕೊಂಡು ಹೊಸಕೋಟೆಯ ತವರಿಗೆ ಹೋಗಿದ್ದಳು. ಅಕ್ಕಯ್ಯಮ್ಮ ನನ್ನ ಮೇಜಿಗೆ ಹಣೆ ಹಚ್ಚಿ ಅತ್ತರು. ಮಗನ ಜೇಬಿನಲ್ಲಿ ಸಿಕ್ಕ ಎಲೆಗಳನ್ನು ನೀರೊಲೆಗೆ ತುರುಕಿ ಸುಟ್ಟವರು ಅವರು. “ಆ ಹಾಳು ಎಲೆ ಇವನ ಕೈಯಿಂದ ಬಿಡ್ಸಿ ಮೇಡಂ, ನಿಮ್ ಕಾಲಿಗ್ ಬೀಳ್ತೀನಿ” ಎಂದರು. ಮಗ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತು ಉಗುರು ನೋಡಿಕೊಳ್ಳುತ್ತಿದ್ದ.

ನಾನು ಹುಟ್ಟಾ ಅನುಮಾನದವಳು. ಬಂದ ಮೊದಲ ದಿನ ಕಣ್ಣೀರು ಹಾಕುವ ಗಂಡಸರನ್ನು ನಂಬುತ್ತಿರಲಿಲ್ಲ. ಮುನಿರಾಜು ಅಳಲಿಲ್ಲ, ಆಣೆ ಪ್ರಮಾಣವನ್ನೂ ಮಾಡಲಿಲ್ಲ. ಅದಕ್ಕೇ ಅವನು ನನಗೆ ಹಿಡಿಸಿದ. ವಾರಕ್ಕೊಮ್ಮೆ ಶಿಫ್ಟ್ ಮುಗಿಸಿ ಸಮವಸ್ತ್ರದಲ್ಲೇ ಬರುತ್ತಿದ್ದ. ಮನಸ್ಸನ್ನು ಆಟದ ಕಡೆ ನೂಕುವ ಸಂಗತಿಗಳನ್ನು ನಾವು ಟ್ರಿಗರ್ ಎನ್ನುತ್ತೇವೆ. ಬಿಟ್ಟವನು ಮತ್ತೆ ಹಿಡಿದರೆ ಅದು ರಿಲ್ಯಾಪ್ಸ್. ಅವನ ಟ್ರಿಗರ್‌ಗಳನ್ನು ಒಂದೊಂದಾಗಿ ಹುಡುಕಿದೆವು. ಸಂಬಳ ತಾಯಿಯ ಕೈಗೆ ಹೋಗುವಂತಾಯಿತು. ಕ್ಲಬ್ಬಿನ ಮುಂದೆ ಹಾಯುವ ದಾರಿ ಬಿಟ್ಟು ಸುತ್ತಿ ಬಳಸಿ ಮನೆಗೆ ಹೋಗುವುದು ಅಭ್ಯಾಸವಾಯಿತು. ಆಸೆ ಹುಟ್ಟಿದರೆ ನನಗೆ ಫೋನ್. ಒಮ್ಮೆ ನಾನು ಸೊಪ್ಪು ಕೊಳ್ಳುತ್ತಿದ್ದಾಗ ಫೋನ್ ಮಾಡಿ, ಆಸೆ ಇಳಿಯುವವರೆಗೂ ತನ್ನ ಟ್ರ್ಯಾಕ್ಟರಿನ ಬ್ರೇಕಿನ ಬಗ್ಗೆ ಮಾತಾಡಿದ. ಸೊಪ್ಪಿನವಳು ನನ್ನನ್ನು ಬೈದುಕೊಂಡು ಮುಂದಕ್ಕೆ ಹೋದಳು.

ದಸರೆಯ ಹೊತ್ತಿಗೆ ಭಾಗ್ಯ ಹಿಂತಿರುಗಿದಳು. ಬರುವ ಮುಂಚೆ ನನ್ನ ಕಚೇರಿಗೆ ಬಂದು, ಇನ್ನು ಅವನು ಆಡುವುದಿಲ್ಲವೇ ಎಂದು ನೇರವಾಗಿ ಕೇಳಿದಳು. ಹಾಗೆಂದು ಯಾರಿಂದಲೂ ಮಾತು ಕೊಡಲಾಗದು ಎಂದೆ.

“ಮತ್ತೆ ನೀವ್ ಯಾಕಿರೋದು?” ಎಂದಳು ಭಾಗ್ಯ. ಆಮೇಲೆ ತಾನೇ ತಣ್ಣಗಾಗಿ, “ಬರ್ತೀನಿ ಮೇಡಂ. ಆದ್ರೆ ಇನ್ನೊಂದ್ಸಲ ಹೋದ್ರು ಅಂದ್ರೆ ಕೇಳೋದೂ ಇಲ್ಲ, ಹೇಳೋದೂ ಇಲ್ಲ. ಮಗೂನ ಎತ್ಕೊಂಡು ಹೊರಟೋಗ್ತೀನಿ, ತಿರುಗಿ ಬರಲ್ಲ” ಎಂದಳು. ಅವಳು ಹೇಳಿದಂತೆ ಮಾಡುವವಳು ಎಂಬುದು ಅವಳ ದನಿಯಲ್ಲೇ ತಿಳಿಯುತ್ತಿತ್ತು.

ಆ ಮನೆ ಸುಧಾರಿಸಿತು. ಮಗಳನ್ನು ಊರಿನ ಶಾಲೆಗೆ ಸೇರಿಸಿದರು. ಹಾಗಿರುವಾಗ ಯುಗಾದಿ ಬಂತು.

ನಮ್ಮ ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಯುಗಾದಿಯ ಮರುದಿನ ವರ್ಷದ ತೊಡಕು. ಅಂದು ಮಾಡಿದ್ದು ವರ್ಷವೆಲ್ಲ ನಡೆಯುತ್ತದೆ ಎಂಬ ನಂಬಿಕೆ. ಅಂದು ಮನೆಮನೆಯಲ್ಲಿ ಬಾಡೂಟ, ಉಂಡ ಮೇಲೆ ಇಸ್ಪೀಟು. ಅರಳಿಕಟ್ಟೆಯಲ್ಲಿ, ಹಿತ್ತಲಲ್ಲಿ, ಪಡಸಾಲೆಯಲ್ಲಿ, ಎಲ್ಲಿ ನೋಡಿದರೂ ಎಲೆ. ವರ್ಷವಿಡೀ ಗಂಡಂದಿರನ್ನು ಶಪಿಸುವ ಹೆಂಗಸರು ಕೂಡ ಸೆರಗು ಸಿಕ್ಕಿಸಿ ಕೂರುತ್ತಾರೆ. ನನಗೆ ಬೆಂಗಳೂರಿನ ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿ ಈ ಟ್ರಿಗರ್ ಇರಲಿಲ್ಲ. ಆದರೆ ನಾನು ಪಕ್ಕದ ವಿಜಯಪುರದಲ್ಲಿ ಹುಟ್ಟಿ ಬೆಳೆದವಳು, ಗೊತ್ತಿಲ್ಲದೆ ಏನು! ಹಬ್ಬಕ್ಕೆ ಮುಂಚೆಯೇ ಉಪಾಯ ಮಾಡಿದ್ದೆ. ವಿಮಾನಗಳಿಗೆ ತೊಡಕಿನ ರಜೆಯಿಲ್ಲ. ಆ ದಿನ ಡ್ಯೂಟಿ ಹಾಕಿಸಿಕೊ ಎಂದು ಮುನಿರಾಜುವಿಗೆ ಹೇಳಿದೆ. ಊರಿನವರೆಲ್ಲ ರಜೆಗೆ ಮುಗಿಬಿದ್ದಿದ್ದರಿಂದ ಅವನ ಸೂಪರ್‌ವೈಸರ್ ಖುಷಿಯಾಗಿ ಒಪ್ಪಿಕೊಂಡ. ಆದರೆ ಆ ಶಿಫ್ಟ್ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಉಳಿದ ಹೊತ್ತಿಗೆ ನಾನೇ ಮನೆಗೆ ಬಂದು ಕೂರಬೇಕೆಂದು ಭಾಗ್ಯ ಕೇಳಿಕೊಂಡಳು. ಹೋದೆ.

ಅಂಗಳದಲ್ಲಿ ಚಪ್ಪರ, ಚಪ್ಪರದಡಿ ಚಾಪೆ, ಚಾಪೆಯ ಮೇಲೆ ಬಂಧುಬಳಗ. ಎಲೆ ಕಲೆಸುತ್ತಿದ್ದವರು ಅಕ್ಕಯ್ಯಮ್ಮ! ನನ್ನನ್ನು ನೋಡಿ ಮುಖ ಅರಳಿಸಿ, “ಬನ್ನಿ ಬನ್ನಿ, ಮೊದ್ಲು ಊಟ ಮಾಡಿ” ಎಂದರು. ಮುನಿರಾಜು ಆಗಷ್ಟೇ ಬಂದು ಉಂಡು ಜಗಲಿಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ಆಟದ ಕಡೆ ನೋಡದಿರಲು ಮಗಳ ಜಡೆ ಬಿಚ್ಚಿ ಹೆಣೆಯುತ್ತಿದ್ದ. ನನ್ನ ಕೈಗೆ ಮುದ್ದೆ, ಸಾರಿನ ತಟ್ಟೆ ಬಂತು.

ಊಟದ ಮಧ್ಯದಲ್ಲಿ ಅಕ್ಕಯ್ಯಮ್ಮ ಎಲೆ ಹಿಡಿದುಕೊಂಡೇ ಜಗಲಿಗೆ ಬಂದರು. “ಒಂದಾಟ ಆಡ್ಬಿಡು ಮಗ, ಶಾಸ್ತ್ರಕ್ಕೆ. ತೊಡಕಿನ ದಿನ ಮನೆ ಗಂಡ್ಸು ಎಲೆ ಮುಟ್ದಿದ್ರೆ ಮನೆಗ್ ಆಗಲ್ಲ.”

“ಅಮ್ಮ, ದಯವಿಟ್ಟು ಬೇಡಿ” ಎಂದೆ. “ಇವನಿಗೆ ಒಂದೇ ಆಟ ಅನ್ನೋದು ಇಲ್ಲ.”

“ಅಯ್ಯೋ, ಅದು ಜೂಜು ಮೇಡಂ. ಇದು ಶಾಸ್ತ್ರ” ಎಂದರು. ಅವರಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಮಗ ಮೇಲೆದ್ದು ಬಂದದ್ದಕ್ಕೆ ದೇವರಿಗೆ ಋಣ ತೀರಿಸುವವರಂತೆ ಎಲೆ ಕೊಡುತ್ತಿದ್ದರು. ಮುನಿರಾಜು ಭಾಗ್ಯಳ ಮುಖ ನೋಡಿದ. ಅಕ್ಕಯ್ಯಮ್ಮನೂ ಸೊಸೆಯ ಕಡೆ ತಿರುಗಿದರು. “ನೀನೇ ಹೇಳವ್ವ. ಬ್ಯಾಡ ಅಂದ್ರೆ ಬ್ಯಾಡ. ನಾಳೆ ಮನೆಗೇನಾದ್ರೂ ಆದ್ರೆ ನನ್ನ ಕೇಳ್ಬೇಡ.”

ಚಾಪೆಯ ಮೇಲಿದ್ದವರೆಲ್ಲ ಆಟ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಮಾವ, ಮೈದುನ, ಓರಗಿತ್ತಿ, ಯಾರ್‍ಯಾರೋ. ಭಾಗ್ಯ ನನ್ನ ಕಡೆ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಅವಳು ಕಣ್ಣು ಕೆಳಗೆ ಹಾಕಿ, “ಒಂದಾಟ ಆಡಿ ಎದ್ಬಿಡಿ” ಎಂದಳು. ನನಗೆ ಕಿರುಚಬೇಕೆನಿಸಿತು.

ಮುನಿರಾಜು ಚಾಪೆಗೆ ಇಳಿದ. ಒಂದಾಟ ಆಡಿದ. ಎದ್ದ. ಕೈ ತೊಳೆದುಕೊಂಡು ಬಂದು, “ನೋಡಿದ್ರಾ ಮೇಡಂ? ಎದ್ಬಿಟ್ಟೆ” ಎಂದು ನಕ್ಕ. ಗೆದ್ದನೋ ಸೋತನೋ ಈಗಲೂ ನನಗೆ ಗೊತ್ತಿಲ್ಲ. ಎಲ್ಲರೂ ನಕ್ಕರು, ಭಾಗ್ಯಳೂ ನಕ್ಕಳು. ನಗದೆ ತಟ್ಟೆ ಪಕ್ಕಕ್ಕಿಟ್ಟವಳು ನಾನೊಬ್ಬಳೇ. ಅವನು ಏಳಲಾಗದೆ ಅಲ್ಲೇ ಕುಳಿತುಬಿಟ್ಟಿದ್ದರೆ ಕೈ ಹಿಡಿದು ಎಳೆಯಬಹುದಿತ್ತು. ಎದ್ದವನನ್ನು ಏನು ಮಾಡಲಿ?

ಮುಂದಿನ ವಾರ ಬಂದ, ಗೆಲುವಾಗಿದ್ದ. ಆ ಒಂದಾಟದ ಮಾತೆತ್ತಿದರೆ, “ಅದು ಆಗೋಯ್ತಲ್ಲ ಮೇಡಂ” ಎಂದ. ಆಮೇಲಿನ ವಾರ ಬರಲಿಲ್ಲ, ಫೋನೂ ಎತ್ತಲಿಲ್ಲ. ಒಂದು ಸಂಜೆ ಭಾಗ್ಯಳಿಂದ ಫೋನ್ ಬಂತು. ಹಿನ್ನೆಲೆಯಲ್ಲಿ ಬಸ್ಸಿನ ಸದ್ದು.

“ಮೂರ್ ದಿನದಿಂದ ಕ್ಲಬ್ಬಲ್ಲೇ ಇದಾರೆ ಮೇಡಂ. ಹೊಸಕೋಟೆ ಬಸ್ ಹತ್ತಿದೀನಿ” ಎಂದಳು. ಆಮೇಲೆ ಕೇಳಿದಳು: “ಆಡಿ ಅಂತ ನಾನೇ ಅಂದ್ನಲ್ವಾ?”

ನಿನ್ನ ತಪ್ಪಲ್ಲ ಎಂದು ಎರಡೆರಡು ಸಲ ಹೇಳಿದೆ. ಬಸ್ಸಿನ ಗದ್ದಲದಲ್ಲಿ ಅದು ಅವಳಿಗೆ ಕೇಳಿಸಿತೋ ಇಲ್ಲವೋ, ಫೋನ್ ಕಟ್ ಆಯಿತು.

ಮಳೆಗಾಲ ಶುರುವಾದ ಮೇಲೆ ಮುನಿರಾಜು ತಾನಾಗಿ ಬಂದ. ಕೆಲಸ ಹೋಗಿತ್ತು. ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದನೋ ಏನೋ, ನಾನು ಬೈಯಲಿಲ್ಲ. ಅವನೇ ಹೇಳಿದ:

“ಆವತ್ತು ಎದ್ನಲ್ಲ ಮೇಡಂ, ನೀವೇ ನೋಡಿದ್ರಿ. ಇವತ್ತೂ ಹಂಗೇ ಎದ್ಬಿಡ್ತೀನಿ ಅಂದ್ಕೊಂಡೇ ದಿನಾ ಕೂತ್ಕೋತೀನಿ.”

ನನ್ನಲ್ಲಿದ್ದ ವಿವರಣೆಯನ್ನೆಲ್ಲ ಹೇಳಿದೆ. ತಲೆಯಾಡಿಸುತ್ತ ಕೇಳಿದ. ಇಳಿದು ಹೋದವನು ಮತ್ತೆ ಬರಲಿಲ್ಲ. ಅವನ ಊರಿಗೆ ನಾನು ಹಲವು ಸಲ ಹೋದೆ. ಒಮ್ಮೆಯೂ ಮನೆಯಲ್ಲಿ ಸಿಗಲಿಲ್ಲ.

ಮರುವರ್ಷ ಯುಗಾದಿಗೆ ಮುಂಚೆ ಅಕ್ಕಯ್ಯಮ್ಮ ಮೆಟ್ಟಿಲು ಹತ್ತಿ ಬಂದರು. ಆ ವರ್ಷ ನಾವು ಹಬ್ಬದ ಮುಂಚೆ ಹಳ್ಳಿಹಳ್ಳಿಗೆ ಹೋಗಿ ತಾಯಂದಿರನ್ನು ಕೂರಿಸಿ ಮಾತಾಡುತ್ತಿದ್ದೆವು. ಕಾಫಿ ಕೊಟ್ಟು ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು, ಹಬ್ಬ ಕಳೆಯಲಿ ಆಮೇಲೆ ನೋಡೋಣ ಎಂದು ಕಳಿಸುತ್ತಿದ್ದರು. ಅಕ್ಕಯ್ಯಮ್ಮನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. “ಈ ಸಲ ಮನೇಲಿ ಎಲೆ ತೆಗಿಯಲ್ಲ ಮೇಡಂ. ಭಾಗ್ಯಂಗೆ ಹೇಳಿ, ಮಗೂನ ಕರ್ಕೊಂಡು ಬರ್ಲಿ” ಎಂದರು.

ಅವರ ಎದುರಿಗೇ ಫೋನ್ ಮಾಡಿ ಹೇಳಿದೆ. ಭಾಗ್ಯ ಕೋಪ ಮಾಡಿಕೊಳ್ಳಲಿಲ್ಲ.

“ಬರಲ್ಲ ಮೇಡಂ. ತೆಗಿಯಲ್ಲ ಅಂದ್ರಾ, ಒಳ್ಳೇದಾಯ್ತು” ಎಂದಳು. “ಇಲ್ಲೂ ತೆಗೀತಾರೆ. ನಮ್ಮಮ್ಮ ಈಗ್ಲೇ ಹೊಸ ಪ್ಯಾಕು ತರ್ಸಿದಾರೆ. ಆವತ್ತು ಎಲೆ ಕಣ್ಣಿಗೆ ಬೀಳದಂಗೆ ಮಗೂನ ಎಲ್ಲಿಗ್ ಕರ್ಕೊಂಡು ಹೋಗ್ಲಿ ಹೇಳಿ?”

ಎಲ್ಲ ಮನೆಯಲ್ಲೂ ತೊಡಕು. ಯಾವ ಮನೆಯ ಹೆಸರು ಹೇಳಲಿ? ಫೋನ್ ಇಟ್ಟೆ. ಎದುರಿಗೆ ಅಕ್ಕಯ್ಯಮ್ಮ, ಏನಂದ್ಲು ಎಂದು ನನ್ನ ಬಾಯಿ ನೋಡುತ್ತ ಕುಳಿತಿದ್ದರು.

ಈಗ ನಿವೃತ್ತಳಾಗಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಪಾಠ ಹೇಳಲು ಕರೆಯುತ್ತಾರೆ. ಕ್ಲಬ್ಬು ಯಾವುದು, ಸ್ನೇಹಿತರು ಯಾರು ಎಂದು ಕೇಳಿ ನಿಲ್ಲಿಸಬೇಡಿ, ಅವನ ಮನೆಯಲ್ಲಿ ಅವನನ್ನು ತುಂಬ ಪ್ರೀತಿಸುವವರು ಯಾರು ಎಂದು ಕೇಳಿ, ಎಲೆ ಆ ಕೈಯಿಂದಲೂ ಬರಬಹುದು ಎನ್ನುತ್ತೇನೆ. ಹಾಗೆ ಬಂದರೆ ತಡೆಯುವುದು ಹೇಗೆ ಮೇಡಂ ಎಂದು ಯಾರಾದರೊಬ್ಬರು ತಪ್ಪದೆ ಕೇಳುತ್ತಾರೆ. ನನಗೆ ಗೊತ್ತಾಗಲಿಲ್ಲ ಎಂದು ಇದ್ದದ್ದನ್ನು ಇದ್ದಹಾಗೆ ಹೇಳುತ್ತೇನೆ.