ಅತ್ತೆ ಕೇಳಿಸಿಕೊಂಡ ಸವರಣ

ಶ್ರೀನಿವಾಸಪುರದ ನಮ್ಮ ಮನೆ ಪಕ್ಕದ ತೋಟದಲ್ಲಿ ಈ ಬೆಳಿಗ್ಗೆ ಮಾವಿನ ಕೊಂಬೆ ಸವರುತ್ತಿದ್ದರು. ಹಸಿ ಸೊನೆಯ ವಾಸನೆ ಕಿಟಕಿಯೊಳಗೆ ಬಂತು. ನಿಮಗೆ ಅದು ಹಿತವೆನಿಸಬಹುದು, ನನಗೆ ಹೆದರಿಕೆ. ಕಾರಣ ನನ್ನ ಸೋದರತ್ತೆ.

ಅತ್ತೆಯದು ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮಾತಾಡುವುದು ಕನ್ನಡ, ಟೀವಿ ನೋಡುವುದು ತೆಲುಗು, ಬೈಯುವುದು ಎರಡರಲ್ಲೂ. ಮಹಿಳಾ ಮೀಸಲಿನಲ್ಲಿ ಗೆದ್ದು ಪಂಚಾಯ್ತಿ ಮೆಂಬರಾಗಿದ್ದರು. ಮೊದಮೊದಲು ಅವರ ಬದಲು ಮಾವನೇ ಮೀಟಿಂಗಿಗೆ ಹೋಗಿ ಕೂರುತ್ತಿದ್ದರು. ಒಂದು ದಿನ ಅತ್ತೆ ತಾವೇ ಹೋಗಿ ಕೂತರು, ಮತ್ತೆ ಬಿಟ್ಟುಕೊಡಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಅವರ ಫೋನು ಬಂತು.

“ಟೀವೀಲಿ ರಾಜ್ಯಾಂಗ ಸವರಣ ಅಂತಾವ್ರೆ ನಾಯ್ನಾ. ಸವರಿಹಾಕ್ಬುಟ್ರೆ ನನ್ ಸೀಟು ಉಳೀತದಾ?”

ನಕ್ಕುಬಿಟ್ಟೆ. ರಾಜ್ಯಾಂಗ ಎಂದರೆ ಸಂವಿಧಾನ, ತೆಲುಗಿನ ಸವರಣ ಎಂದರೆ ನಮ್ಮ ತಿದ್ದುಪಡಿ. ಅತ್ತೆ ಅದನ್ನು ಕನ್ನಡದ ಕಿವಿಯಲ್ಲಿ ಕೇಳಿ, ಮಚ್ಚು ಹಿಡಿದು ಕೊಂಬೆ ಸವರುವವರನ್ನು ಕಂಡಿದ್ದರು. ನಾನೋ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಮೇಷ್ಟ್ರು, ಕೇಳುವವರು ಸಿಕ್ಕರೆ ಬಿಡುವವನಲ್ಲ. ಮರುದಿನವೇ ಬಸ್ಸು ಹತ್ತಿ ಹೋಗಿ ಶುರುಮಾಡಿದೆ. ಬರೆದವರಿಗೆ ಮುಂದಿನದೆಲ್ಲ ಕಾಣುವುದಿಲ್ಲ, ಕಾಲ ಬದಲಾದಂತೆ ತಿದ್ದಬೇಕಾಗುತ್ತದೆ. ಹಾಗಂತ ಸುಮ್ಮನೆ ತಿದ್ದಲು ಬರುವುದಿಲ್ಲ. ಸಂಸತ್ತಿನ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಬೇಕು, ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದವರೇ ಇರಬೇಕು. ಕೆಲವಕ್ಕೆ ಅರ್ಧದಷ್ಟು ರಾಜ್ಯಗಳೂ ಹೂಂ ಅನ್ನಬೇಕು. ಅತ್ತೆಯ ಮುಖ ಸಡಿಲವಾಗಲಿಲ್ಲ. ಕೊನೆಗೆ ನನ್ನ ದೊಡ್ಡ ಅಸ್ತ್ರ ತೆಗೆದೆ.

“ಭಯ ಯಾಕತ್ತೆ? ನಿಮ್ ಸೀಟು ಬಂದಿದ್ದೇ ತಿದ್ದುಪಡಿಯಿಂದ.”

ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. “ಅಂಗಾದ್ರೆ ಮೊದ್ಲು ಇರ್ಲಿಲ್ವಾ?”

“ಸಂವಿಧಾನದಲ್ಲಿ ಇರ್ಲಿಲ್ಲ.”

“ಸವರಿ ಕೊಟ್ಟಿದ್ದನ್ನ ಸವರಿ ಕಿತ್ಕೋಬೋದಾ?”

ಅಷ್ಟು ವರ್ಷ ಪಾಠ ಮಾಡಿದರೂ ಯಾವ ತರಗತಿಯಲ್ಲೂ ನನಗೆ ಎದುರಾಗದ ಪ್ರಶ್ನೆ. ಕೋರ್ಟಿದೆ, ಸಂವಿಧಾನದ ಮೂಲ ಸ್ವರೂಪವನ್ನು ಯಾರೂ ಮುಟ್ಟುವಂತಿಲ್ಲ ಎಂದು ತಡವರಿಸಿದೆ.

“ನನ್ ಸೀಟು ಆ ಮೂಲದಾಗೆ ಅದಾ?”

“ಗೊತ್ತಿಲ್ಲ ಅತ್ತೆ.”

ಅವರ ಭಯ ನನಗೂ ಹತ್ತಿದ್ದು ಆಗಲೇ. ಅವತ್ತು ಮೀಟಿಂಗು ಇರಲಿಲ್ಲ. ಆದರೂ ಅತ್ತೆ ಸೀರೆ ಬದಲಿಸಿಕೊಂಡು ಪಂಚಾಯ್ತಿ ಆಫೀಸಿಗೆ ಹೋದರು. ತಮ್ಮ ಕುರ್ಚಿಯಲ್ಲಿ ಕೂತು, ಬಾಗಿಲು ಹಾಕುವ ಹೊತ್ತಾದ ಮೇಲೆ ಎದ್ದು ಬಂದರು.

ಪತ್ರಿಕೆಯಲ್ಲಿ ತಿದ್ದುಪಡಿ ಎಂಬ ಮಾತು ಕಂಡರೆ ಈಗ ನಾನು ಯಾರಿಗೂ ಪಾಠ ಹೇಳುವುದಿಲ್ಲ. ಈ ಸಲ ಯಾರನ್ನು ಕೂರಿಸುತ್ತಾರೆ, ಯಾರನ್ನು ಏಳಿಸುತ್ತಾರೆ ಎಂದು ಹೆದರಿಕೊಂಡೇ ಕೊನೆಯ ಸಾಲಿನವರೆಗೂ ಓದುತ್ತೇನೆ.