ನಾಲ್ಕಡಿ ಹಲಗೆಯ ಮೇಲೆ ಶಂಟಿಂಗ್

ದೇವೀರಪ್ಪನವರು ಅರಸೀಕೆರೆ ಜಂಕ್ಷನ್ನಿನಲ್ಲಿ ಮೂವತ್ತೆರಡು ವರ್ಷ ಪಾಯಿಂಟ್ಸ್‌ಮನ್ ಆಗಿದ್ದವರು. ಗೂಡ್ಸ್ ಗಾಡಿಯ ವ್ಯಾಗನ್ನುಗಳನ್ನು ಬಿಚ್ಚಿ, ಬೇರೆ ಲೈನಿಗೆ ಹಾಕಿಸಿ, ಮತ್ತೆ ಜೋಡಿಸುವ ಶಂಟಿಂಗ್ ಅವರ ಕೆಲಸ. ಹೆಂಡತಿ ದ್ರಾಕ್ಷಾಯಣಮ್ಮನ ಲೆಕ್ಕದಲ್ಲಿ ಮಾತ್ರ ಅದು "ಬಾವುಟ ಆಡಿಸೋ ಕೆಲಸ". ನೆಂಟರೆದುರಿಗೂ ಹಾಗೇ ಹೇಳುತ್ತಿದ್ದರು. ದೇವೀರಪ್ಪ ನಗುತ್ತಿದ್ದರು, ಒಳಗೆ ಚುಚ್ಚುತ್ತಿತ್ತು. ನಿವೃತ್ತಿಯಾದ ಮೇಲೆ, ಇವಳಿಗೆ ಒಂದು ಸಲವಾದರೂ ಆ ಕೆಲಸ ಕಣ್ಣಾರೆ ತೋರಿಸಬೇಕು ಎಂದು ಹಟ ಹಿಡಿದರು.

ಆಟಿಕೆಯ ಬ್ಯಾಟರಿ ಎಂಜಿನ್ ಒಂದು, ಅಂಗೈಯಷ್ಟು ಉದ್ದದ ವ್ಯಾಗನ್ ಮೂರು, ಒಂದಿಷ್ಟು ಹಳಿ ತರಿಸಿದರು. ಇಡುವುದೆಲ್ಲಿ? ಮನೆಯೇ ಎರಡು ಕೋಣೆ. ಅಟ್ಟದ ತುಂಬ ಉಂಡೆ ಕೊಬ್ಬರಿಗೆಂದು ಹಾಕಿದ ಕಾಯಿ, ವರ್ಷ ತುಂಬುವವರೆಗೆ ಅದನ್ನು ಮುಟ್ಟುವಂತಿಲ್ಲ. ಕೊನೆಗೆ ಸಿಕ್ಕಿದ್ದು ಅಡುಗೆಮನೆಯ ಹಲಗೆಯಲ್ಲಿ ನಾಲ್ಕಡಿ.

"ಹಾಸಿಗೆ ಇದ್ದಷ್ಟು ಕಾಲು ಚಾಚಿ. ನನ್ನ ಡಬ್ಬಗಳ ತಂಟೆಗೆ ಬರಬೇಡಿ," ಎಂದರು ದ್ರಾಕ್ಷಾಯಣಮ್ಮ.

ನಾಲ್ಕು ದಿನ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚಿ, ಅಳೆದು, ಅಳಿಸಿ, ಒಂದು ಲೈನು ಎರಡಾಗಿ ಕವಲೊಡೆಯುವಂತೆ ಹಲಗೆಯ ಮೇಲೆ ಹಳಿ ಜೋಡಿಸಿದರು. ಎಂಜಿನ್ ಒಂದು ವ್ಯಾಗನ್ ಎಳೆದುಕೊಂಡು ಹಿಂದೆ ಬಂತು. ವ್ಯಾಗನ್ ಇನ್ನೂ ಕವಲಿನ ಮೇಲೇ ಇದೆ, ಹಲಗೆ ಮುಗಿದೇ ಹೋಯಿತು! ಹಿಂದೆ ಸರಿಯಲು ಜಾಗವನ್ನೇ ಬಿಟ್ಟಿರಲಿಲ್ಲ. ಈ ಕೆಲಸ ಏನೂ ಅರಿಯದವನಾದರೆ ಅದನ್ನೇ ಮೊದಲು ಅಳೆಯುತ್ತಿದ್ದನೋ ಏನೋ. ಯಾರ್ಡಿನಲ್ಲಿ ಇವರು ಕೈ ಬೀಸಿದಷ್ಟೂ ಎಂಜಿನ್ ಹಿಂದೆ ಹೋಗುತ್ತಿತ್ತು, ಹಳಿ ಮುಗಿದೀತೆಂಬ ಯೋಚನೆಯೇ ಬಂದದ್ದಿಲ್ಲ.

"ಇನ್ನೊಂದಡಿ ಬೇಕು ಕಣೇ," ಎಂದರು ಮುಖ ಹುಳ್ಳಗೆ ಮಾಡಿಕೊಂಡು.

"ಬಾವುಟ ನೆಡೋಕಾ?" ಎಂದು ಕೇಳುತ್ತಲೇ ದ್ರಾಕ್ಷಾಯಣಮ್ಮ ರಾಗಿಹಿಟ್ಟಿನ ಡಬ್ಬ ಕೆಳಗಿಳಿಸಿದರು. ಡಬ್ಬ ಇಳಿಸಿಕೊಟ್ಟ ಮೇಲೆ ಏನಾಗುತ್ತದೋ ನೋಡೋಣವೆಂದು ಅಲ್ಲೇ ನಿಂತರು.

ಹಳಿ ಉದ್ದವಾಯಿತು. ಎಂಜಿನ್ ಹಿಂದೆ ಬಂದು, ಕವಲಿನ ಪಾಯಿಂಟ್ ತಿರುಗಿ, ವ್ಯಾಗನ್ ಎರಡನೇ ಲೈನು ಸೇರಿ ಅಲ್ಲಿ ನಿಂತಿದ್ದ ವ್ಯಾಗನ್ನಿಗೆ ಅಂಟಿಕೊಂಡಿತು. ದ್ರಾಕ್ಷಾಯಣಮ್ಮನಿಗೂ ಕುತೂಹಲ ಹತ್ತಿತು.

"ಅದಷ್ಟಕ್ಕದೇ ಅಂಟ್ಕೊಳ್ತದಲ್ರೀ. ನಿಮಗೇನು ಕೆಲಸ?"

"ಇದು ಅಂಟ್ಕೊಳ್ತೈತೆ. ನಮ್ಮವಕ್ಕೆ ನಾವೇ ಮಧ್ಯ ನುಗ್ಗಿ ಕೊಂಡಿ ಹಾಕ್ಬೇಕಿತ್ತು."

"ಮಧ್ಯ ಅಂದ್ರೆ?"

ದೇವೀರಪ್ಪ ಎಂಜಿನ್ನನ್ನು ಬಿಡಿಸಿ ದೂರವಿಟ್ಟು, ಗುಂಡಿ ಒತ್ತಿ ಓಡಲು ಬಿಟ್ಟರು. ನಿಂತ ವ್ಯಾಗನ್ನಿನ ಮುಂದೆ ಹಳಿಯ ಮೇಲೆ ತೋರುಬೆರಳು ನೆಟ್ಟರು. "ಇಲ್ಲಿ."

"ಗಾಡಿ ಬತ್ತಿರೋವಾಗ್ಲೇನಾ?"

"ಹೂಂ. ಮಳೆ ಬಂದ್ರೂ ಅಷ್ಟೆ."

ಎಂಜಿನ್ ನಿಧಾನವಾಗಿ ಬೆರಳಿನ ಹತ್ತಿರ ಬಂತು. ದ್ರಾಕ್ಷಾಯಣಮ್ಮ ಹಿಟ್ಟಿನ ಕೈಯಲ್ಲೇ ಗಂಡನ ಮಣಿಕಟ್ಟು ಹಿಡಿದು ಸರಕ್ಕನೆ ಎಳೆದುಬಿಟ್ಟರು. ಎಂಜಿನ್ ಟಕ್ಕೆಂದು ವ್ಯಾಗನ್ನಿಗೆ ತಾಗಿತು.

"ಮೂವತ್ತೆರಡು ವರ್ಷ! ಒಂದಿನಾನೂ ಹೇಳ್ಲಿಲ್ವಲ್ರೀ," ಎಂದು ಬೈದರು. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.